ಹಾಸಿಗೆಯ ಪಕ್ಕದ ವಿದ್ಯೆ

ಇನ್ಸುಲಿನ್ ಸಿರಿಂಜಿನಲ್ಲಿ ಎರಡು ಬಗೆ. ಕೆಂಪು ಮುಚ್ಚಳದ್ದು ಒಂದು ಎಂಎಲ್‌ನಲ್ಲಿ 40 ಯೂನಿಟ್ ಇರುವ ಔಷಧಿಗೆ, ಕಿತ್ತಳೆ ಮುಚ್ಚಳದ್ದು 100 ಯೂನಿಟ್ ಇರುವ ಔಷಧಿಗೆ. ನಮ್ಮಲ್ಲಿ ಎರಡೂ ಬಗೆಯ ಬಾಟಲಿ ಸಿಗುತ್ತವೆ, ಎರಡೂ ಬಗೆಯ ಸಿರಿಂಜೂ ಸಿಗುತ್ತವೆ. ಒಂದಕ್ಕೊಂದು ಅದಲುಬದಲಾದರೆ ಲೆಕ್ಕವೇ ತಪ್ಪುತ್ತದೆ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 20 ಯೂನಿಟ್ ಅಲ್ಲ, 50.

ಉತ್ತರಹಳ್ಳಿಯಲ್ಲಿ ನಮ್ಮ ಹಿಂದಿನ ಬೀದಿಯ ಅಜ್ಜಿಯೊಬ್ಬರಿಗೆ ಹೀಗೇ ಆಗುತ್ತಿತ್ತು. ಸೊಸೆ ಬಂದು, "ಸಿಸ್ಟರಮ್ಮ, ನಮ್ಮತ್ತೆಗೆ ಹನ್ನೊಂದು ಗಂಟೆ ಹೊತ್ತಿಗೆ ಮೈಯೆಲ್ಲ ಬೆವರತ್ತೆ, ಕೈ ನಡುಗತ್ತೆ, ಮಾತೂ ಒಂದಕ್ಕೊಂದು ಸೇರಲ್ಲ. ವಯಸ್ಸಾಯ್ತಲ್ಲ, ಅದಕ್ಕೇ ಇರಬೇಕು" ಎಂದರು. ನಾನು ಹೋದೆ. ಗ್ಲುಕೋಮೀಟರಿನಲ್ಲಿ 52 ತೋರಿಸಿತು, ಸಕ್ಕರೆ ತೀರಾ ಇಳಿದಿತ್ತು. ಮೊದಲು ಸಕ್ಕರೆ ನೀರು ಕುಡಿಸಿ, ಅವರು ಸುಧಾರಿಸಿಕೊಂಡ ಮೇಲೆ ಫ್ರಿಜ್ಜಿನಲ್ಲಿದ್ದ ಬಾಟಲಿಯನ್ನೂ ಸಿರಿಂಜಿನ ಡಬ್ಬಿಯನ್ನೂ ತರಿಸಿ ಮೇಜಿನ ಮೇಲೆ ಇಟ್ಟುಕೊಂಡೆ. ಬಾಟಲಿಯ ಮೇಲೆ 100 ಎಂದಿತ್ತು, ಸಿರಿಂಜಿನ ಮುಚ್ಚಳ ಕೆಂಪಾಗಿತ್ತು. ಡಾಕ್ಟರು ಆಗಷ್ಟೇ ಔಷಧಿ ಬದಲಾಯಿಸಿದ್ದರು. ಮನೆಯಲ್ಲಿ ಹಳೆಯ ಸಿರಿಂಜು ಮಿಕ್ಕಿತ್ತು, ಯಾಕೆ ದಂಡ ಮಾಡುವುದು ಎಂದು ಅದನ್ನೇ ಬಳಸುತ್ತಿದ್ದರು. ಎರಡನ್ನೂ ಒಂದೇ ಚೀಲದಲ್ಲಿ ಹಾಕಿ, ಅವತ್ತೇ ಅವರ ಡಾಕ್ಟರ ಬಳಿ ಕಳಿಸಿದೆ.

ಇಲ್ಲಿ ಡಾಕ್ಟರು ಬರೆದದ್ದು ಸರಿಯಿತ್ತು. ಅಂಗಡಿಯವರು ಕೊಟ್ಟದ್ದೂ ಸರಿಯಿತ್ತು. ಸೊಸೆ ಹೊತ್ತಿಗೆ ಸರಿಯಾಗಿ, ಅಕ್ಕರೆಯಿಂದ, ತಿಂಡಿಗೆ ಮುಂಚೆ ಇಂಜೆಕ್ಷನ್ ಕೊಡುತ್ತಿದ್ದರು. ಮೂವರದ್ದೂ ಸರಿಯಿದ್ದೂ ಅಜ್ಜಿಯ ಜೀವಕ್ಕೆ ಅಪಾಯವಾಗುತ್ತಿತ್ತು. ಚೀಟಿಯಲ್ಲಿ ಬರೆದದ್ದಕ್ಕೂ ಮೈಗೆ ಇಳಿಯುವುದಕ್ಕೂ ನಡುವೆ ಒಂದು ಜಾಗವಿದೆ. ಅಲ್ಲಿ ನಿಂತು, ಕಣ್ಣಿಟ್ಟು ನೋಡಿ, ತಾಳೆ ಹಾಕಿ, ಸರಿಯಿಲ್ಲದಿದ್ದರೆ ತಡೆಯುವ ಹೊಣೆ ನರ್ಸ್‌ನದು. ನರ್ಸಿಂಗ್ ಎನ್ನುವ ವೃತ್ತಿ ಇರುವುದೇ ಆ ಜಾಗದಲ್ಲಿ.

ನಾನು ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಈಗ ಕಾಲೇಜೊಂದರ ನರ್ಸಿಂಗ್ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆದುಕೊಂಡು ಹೋಗಿ ಕೆಲಸ ಕಲಿಸುತ್ತೇನೆ. ಬೆಂಗಳೂರಿನ ಈ ದಕ್ಷಿಣದ ತುದಿಯಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ. ಬೆಳಗಿನ ಜಾವ ಉತ್ತರಹಳ್ಳಿ, ಅರೇಹಳ್ಳಿ, ಚಿಕ್ಕಲ್ಲಸಂದ್ರದ ಬಸ್ ಸ್ಟಾಪುಗಳಲ್ಲಿ ಊಟದ ಡಬ್ಬಿ ಹಿಡಿದು ನಿಂತ ಹುಡುಗಿಯರನ್ನು, ಈಚೆಗೆ ಹುಡುಗರನ್ನೂ, ನೀವು ನೋಡಿರುತ್ತೀರಿ. ಅವರು ಹೋಗುವುದು ಜಯದೇವ, ಸಂಜಯ್ ಗಾಂಧಿ, ಜಯನಗರ ಜನರಲ್ ಆಸ್ಪತ್ರೆ, ಕಿದ್ವಾಯಿ, ನಿಮ್ಹಾನ್ಸ್, ಜೊತೆಗೆ ಲೆಕ್ಕವಿಲ್ಲದಷ್ಟು ಸಣ್ಣ ನರ್ಸಿಂಗ್ ಹೋಂಗಳಿಗೆ. ಕಲಬುರಗಿಯಿಂದ, ರಾಯಚೂರಿನಿಂದ, ಕೇರಳದಿಂದ, ಮಣಿಪುರದಿಂದ ಬಂದು ಪಿಜಿ ರೂಮುಗಳಲ್ಲಿ ಇರುವ ಮಕ್ಕಳು ಇವರು. ಇವರು ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ಎರಡೇ: ಇಂಜೆಕ್ಷನ್ ಹಾಕ್ತಾರೆ, ಡಾಕ್ಟರು ಹೇಳಿದ್ದನ್ನ ಮಾಡ್ತಾರೆ.

ನರ್ಸ್‌ಗಳ ದಿನವಾದ ಮೇ 12 ಬಂದರೆ ಸಾಕು, ನಮಗೆ ಗುಲಾಬಿ ಹೂವು ಕೊಟ್ಟು, ನೀವು ದೇವತೆಗಳು, ತಾಯಿಯಂಥವರು ಎಂದು ಭಾಷಣ ಮಾಡುತ್ತಾರೆ. ಆ ಮಾತಿನ ಹಿಂದಿನ ಪ್ರೀತಿ ನಿಜವಾದದ್ದು, ಅದನ್ನು ನಾನು ಬೇಡವೆನ್ನುವುದಿಲ್ಲ. ಆದರೆ ದೇವತೆಗೆ ಓದು ಬೇಕಿಲ್ಲ, ನಿದ್ದೆ ಬೇಕಿಲ್ಲ, ಸಂಬಳವಂತೂ ಕೇಳಬಾರದು. ಮರುದಿನ ರಾತ್ರಿ ಪಾಳಿಯಲ್ಲಿ ನರ್ಸ್ ಒಬ್ಬಳೇ ಮೂವತ್ತು ಹಾಸಿಗೆ ನೋಡುವಾಗ ಆ ಹೊಗಳಿಕೆ ಅವಳ ಕೈ ಹಿಡಿಯುವುದಿಲ್ಲ.

ಯಾರ ಹುಟ್ಟಿದ ದಿನವೆಂದು ಮೇ 12ನ್ನು ಆಚರಿಸುತ್ತೇವೋ ಆ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನೇ ನೋಡಿ. 1820ರಲ್ಲಿ ಹುಟ್ಟಿದವರು. ದೀಪ ಹಿಡಿದ ಚಿತ್ರ ಎಲ್ಲರಿಗೂ ಗೊತ್ತು. ಆದರೆ ಅವರ ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕವಿತ್ತು. 1854ರಲ್ಲಿ ಕ್ರಿಮಿಯಾ ಯುದ್ಧದ ಸೈನಿಕರನ್ನು ನೋಡಿಕೊಳ್ಳಲು ಸ್ಕುಟಾರಿಯ ಆಸ್ಪತ್ರೆಗೆ ಹೋದಾಗ ಅಲ್ಲಿ ಗುಂಡೇಟಿಗಿಂತ ಟೈಫಸ್, ಕಾಲರಾ, ಭೇದಿಗಳಿಂದ ಸಾಯುತ್ತಿದ್ದವರೇ ಹೆಚ್ಚು. ಎಷ್ಟು ಜನ, ಯಾವ ತಿಂಗಳು, ಯಾವ ಕಾರಣಕ್ಕೆ ಸತ್ತರು ಎಂದು ಲೆಕ್ಕ ಕಟ್ಟಿ, ಬಣ್ಣದ ನಕ್ಷೆ ಬರೆದು 1858ರಲ್ಲಿ ಸರ್ಕಾರದ ಮುಂದಿಟ್ಟರು. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞರ ಸಂಘಕ್ಕೆ ಸದಸ್ಯರಾದ ಮೊದಲ ಹೆಂಗಸು ಅವರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ತೆರೆದದ್ದೂ, ಈ ಕೆಲಸಕ್ಕೆ ಒಳ್ಳೆಯ ಮನಸ್ಸೊಂದೇ ಸಾಲದು, ತರಬೇತಿ ಬೇಕು ಎಂದು ಖಚಿತವಾಗಿದ್ದರಿಂದ. ಭಾರತಕ್ಕೆ ಒಮ್ಮೆಯೂ ಬರದೆ, ಇಲ್ಲಿಯ ಸೈನಿಕರ ವಸತಿಗಳ ಚರಂಡಿ, ಕುಡಿಯುವ ನೀರಿನ ಮಾಹಿತಿ ತರಿಸಿಕೊಂಡು ವರ್ಷಗಟ್ಟಲೆ ಬರೆದರು. ನಮ್ಮ ಮಕ್ಕಳು ದೀಪ ಹಚ್ಚಿ ತೆಗೆದುಕೊಳ್ಳುವ ಪ್ರತಿಜ್ಞೆಗೆ ಅವರ ಹೆಸರಿದ್ದರೂ ಅದನ್ನು ಬರೆದವರು ಬೇರೆ. 1893ರಲ್ಲಿ ಅಮೆರಿಕದ ಡೆಟ್ರಾಯಿಟಿನ ಶಾಲೆಯೊಂದರಲ್ಲಿ ಅದು ಸಿದ್ಧವಾಯಿತು. ಹಾನಿ ಮಾಡುವ ಔಷಧಿಯನ್ನು ತಿಳಿದೂ ತಿಳಿದೂ ಕೊಡುವುದಿಲ್ಲ, ಕೆಲಸದಲ್ಲಿ ಕಿವಿಗೆ ಬಿದ್ದ ಗುಟ್ಟನ್ನು ಹೊರಗೆ ಆಡುವುದಿಲ್ಲ ಎನ್ನುವುದು ಅದರ ಸಾರ.

ನಮ್ಮ ದೇಶದಲ್ಲಿ ಈ ವೃತ್ತಿಗೆ ಕಾನೂನಿನ ಬೇಲಿಯೂ ಇದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ 1947ರದು. ಅದರ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷೆ ಮತ್ತು ಸೂಲಗಿತ್ತಿ ಆಯೋಗದ ಹೊಸ ಕಾಯ್ದೆ ಬಂದಿದೆ. ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ, ಬಿಎಸ್‌ಸಿ ನರ್ಸಿಂಗ್ ನಾಲ್ಕು ವರ್ಷದ ಪದವಿ. ಕರ್ನಾಟಕದ ನರ್ಸಿಂಗ್ ಪದವಿಗಳ ಪರೀಕ್ಷೆ ನಡೆಸುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಶುರುವಾದದ್ದು ಇಲ್ಲೇ ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ. ಮನೋರೋಗಿಗಳ ಶುಶ್ರೂಷೆಗೆಂದೇ ಬೇರೆ ತರಬೇತಿ ಬೇಕು ಎಂದು ಈಗಿನ ನಿಮ್ಹಾನ್ಸ್ ಜಾಗದಲ್ಲಿ 1950ರ ದಶಕದಲ್ಲೇ ಕೋರ್ಸು ತೆರೆದಿದ್ದರು. ಓದು ಮುಗಿದ ಮೇಲೆ ರಾಜ್ಯದ ಪರಿಷತ್ತಿನಲ್ಲಿ ಹೆಸರು ನೋಂದಾಯಿಸದೆ ಯಾರೂ ನರ್ಸ್ ಆಗುವಂತಿಲ್ಲ. ಬಿಳಿ ಕೋಟು ತೊಟ್ಟು ಆರು ತಿಂಗಳ ಸರ್ಟಿಫಿಕೇಟು ಹಿಡಿದು ಬಂದವರೆಲ್ಲ ನರ್ಸ್ ಅಲ್ಲ. ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅಷ್ಟರಲ್ಲಿ 150 ಗಂಟೆ ಹೊಸದಾಗಿ ಕಲಿತಿರಬೇಕು ಎಂಬ ನಿಯಮವೂ ಇದೆ.

ಇದೆಲ್ಲ ಕಾಗದದ ಮಾತಾಯಿತು. ವಾರ್ಡಿನಲ್ಲಿ ಇದು ಹೇಗೆ ಕಾಣುತ್ತದೆ ಎನ್ನುವುದು ಮುಖ್ಯ.

ನಮ್ಮ ವಿದ್ಯಾರ್ಥಿಗಳಿಗೆ ನಾನು ಮೊದಲು ಕಲಿಸುವುದು ಉಸಿರು ಎಣಿಸುವುದನ್ನು. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸರಿಯಾದ ಲೆಕ್ಕ. ಬಿಪಿಗೆ ಯಂತ್ರವಿದೆ, ಜ್ವರಕ್ಕೆ ಥರ್ಮಾಮೀಟರಿದೆ. ಉಸಿರಿಗೆ ಹೆಚ್ಚಿನ ವಾರ್ಡುಗಳಲ್ಲಿ ಇರುವುದು ಕಣ್ಣು ಮತ್ತು ಗಡಿಯಾರ ಮಾತ್ರ. ಅದಕ್ಕೇ ಎಷ್ಟೋ ಚಾರ್ಟುಗಳಲ್ಲಿ ಮೇಲಿಂದ ಕೆಳಗಿನವರೆಗೆ 20, 20, 20 ಎಂದು ಒಂದೇ ಸಂಖ್ಯೆ ಇಳಿದಿರುತ್ತದೆ. ಯಾರೂ ಎಣಿಸಿಲ್ಲ ಎಂದು ನೋಡಿದೊಡನೆ ತಿಳಿಯುತ್ತದೆ. ಒಳಗೆ ರಕ್ತ ಸೋರುತ್ತಿದ್ದರೆ, ಸೋಂಕು ಏರುತ್ತಿದ್ದರೆ, ಬಿಪಿ ಬೀಳುವುದಕ್ಕೆ ಎಷ್ಟೋ ಹೊತ್ತು ಮುಂಚೆ ಉಸಿರು ಓಡಲು ಶುರುಮಾಡುತ್ತದೆ. ರೋಗಿಗೆ ಗೊತ್ತಾಗದ ಹಾಗೆ, ನಾಡಿ ಹಿಡಿದಂತೆ ಕೈ ಹಿಡಿದುಕೊಂಡೇ, ಹೊದಿಕೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ನೋಡಬೇಕು. ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ಯಾರ ಉಸಿರೂ ಮೊದಲಿನಂತೆ ಇರುವುದಿಲ್ಲ.

ಕಂಡದ್ದನ್ನು ಹೇಳುವುದು ಇನ್ನೊಂದು ವಿದ್ಯೆ. ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಬೇಕು. ಹೊಸ ಹುಡುಗಿ ಮಾಡುವುದು ಹೀಗೆ:

"ಸಾರ್, ಹತ್ತನೇ ಬೆಡ್ ಪೇಷಂಟ್ ಯಾಕೋ ಸರಿ ಇಲ್ಲ ಸಾರ್."

"ಸರಿ ಇಲ್ಲ ಅಂದ್ರೆ? ಬಿಪಿ ಎಷ್ಟಿದೆ?"

"ನೂರಿಪ್ಪತ್ತು ಎಂಬತ್ತು ಸಾರ್."

"ಚೆನ್ನಾಗೇ ಇದೆಯಲ್ಲಮ್ಮ. ನೋಡ್ತಾ ಇರಿ."

ಫೋನ್ ಇಟ್ಟಾಯಿತು. ಅವಳಿಗೆ ಅನಿಸಿದ್ದು ನಿಜವೇ, ಆದರೆ ಆ ಅನಿಸಿಕೆ ಡಾಕ್ಟರನ್ನು ಹಾಸಿಗೆಯಿಂದ ಎಬ್ಬಿಸಲಿಲ್ಲ. ಅದೇ ಹುಡುಗಿಯ ಕೈಯಲ್ಲಿ ಕ್ಲಾಸಿನಲ್ಲಿ ಮತ್ತೆ ಮತ್ತೆ ಹೇಳಿಸುತ್ತೇನೆ:

"ಸಾರ್, ಸರ್ಜಿಕಲ್ ವಾರ್ಡ್, ಹತ್ತನೇ ಬೆಡ್, ನಿನ್ನೆ ಹೊಟ್ಟೆ ಆಪರೇಷನ್ ಆದವರು. ಸಂಜೆ ಉಸಿರು 18 ಇತ್ತು, ಈಗ 28. ನಾಡಿ 116. ಬಿಪಿ ಇನ್ನೂ ಬಿದ್ದಿಲ್ಲ. ಹಿಂದಿನ ಎರಡು ತಾಸಿನಲ್ಲಿ ಯೂರಿನ್ 30 ಎಂಎಲ್ ಮಾತ್ರ ಬಂದಿದೆ. ಒಳಗೆ ಬ್ಲೀಡಿಂಗ್ ಇರಬಹುದು ಅಂತ ನನಗೆ ಅನುಮಾನ. ನೀವು ಬಂದು ನೋಡಬೇಕು ಸಾರ್."

ಅರವತ್ತು ಕೆಜಿ ತೂಕದವರಿಗೆ ಗಂಟೆಗೆ ಕನಿಷ್ಠ 30 ಎಂಎಲ್ ಮೂತ್ರ ಬರಬೇಕು. ಇಲ್ಲಿ ಅದರ ಅರ್ಧ ಬಂದಿದೆ. ಇಷ್ಟು ಕೇಳಿದ ಮೇಲೆ ಯಾವ ಡಾಕ್ಟರೂ ಮಲಗಿರುವುದಿಲ್ಲ. ಮೊದಲು ಯಾರು, ಏನಾಗಿದೆ. ಆಮೇಲೆ ಹಿಂದಿನ ಕತೆ. ಆಮೇಲೆ ನನಗೆ ಕಂಡದ್ದು. ಕೊನೆಗೆ ನಿಮ್ಮಿಂದ ಏನಾಗಬೇಕು. ಈ ಕ್ರಮವನ್ನು ಈಗ ಜಗತ್ತಿನ ಎಷ್ಟೋ ಆಸ್ಪತ್ರೆಗಳು ಒಪ್ಪಿಕೊಂಡಿವೆ. ಕೊನೆಯ ಎರಡು ಮಾತು ಹೇಳಲು ನಮ್ಮ ಹುಡುಗಿಯರು ಬಹಳ ಹೆದರುತ್ತಾರೆ. "ನನಗೆ ಅನುಮಾನ" ಎನ್ನಲು ಬಾಯಿ ಬರುವುದಿಲ್ಲ. ದೊಡ್ಡವರಿಗೆ ಎದುರು ಮಾತಾಡಬಾರದು ಎಂದು ಮನೆಯಲ್ಲಿ ಕೇಳಿಕೊಂಡು ಬೆಳೆದ ಮಕ್ಕಳು. ವಾರ್ಡಿನಲ್ಲಿ ಆ ವಿಧೇಯತೆ ಜೀವ ತೆಗೆಯುತ್ತದೆ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಆಗುವುದಿಲ್ಲ ಎನ್ನುವುದೂ ವೃತ್ತಿಯ ಭಾಗವೇ. ಬಡಾವಣೆಯಲ್ಲಿ ಒಬ್ಬಳು ನರ್ಸ್ ಇದ್ದಾಳೆ ಎಂದರೆ ಬಾಗಿಲು ಬಡಿಯುವವರು ತಪ್ಪುವುದಿಲ್ಲ. "ಸಿಸ್ಟರಮ್ಮ, ಹೋದ್ಸಲ ಜ್ವರಕ್ಕೆ ಇದೇ ಇಂಜೆಕ್ಷನ್ ಹಾಕಿದ್ರು, ಮೆಡಿಕಲ್ಲಲ್ಲಿ ತಂದಿದೀನಿ, ಒಂದು ಚುಚ್ಚಿಬಿಡಿ." ಚೀಟಿ ಇಲ್ಲದೆ ನಾನು ಚುಚ್ಚುವುದಿಲ್ಲ. ಹೋದ ಸಲ ಒಗ್ಗಿದ ಔಷಧಿ ಈ ಸಲ ಒಗ್ಗದೆ, ಗಂಟಲು ಊದಿ, ಬಿಪಿ ಕುಸಿದು, ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಬರಬಹುದು. ಆಗ ಕೊಡಬೇಕಾದ ಅಡ್ರಿನಲಿನ್ ನನ್ನ ಮನೆಯಲ್ಲಿ ಇರುವುದಿಲ್ಲ, ಆಕ್ಸಿಜನ್ನೂ ಇರುವುದಿಲ್ಲ. ಬೇಸರ ಮಾಡಿಕೊಂಡು ಹೋದವರಿದ್ದಾರೆ. ಇಷ್ಟೂ ಆಗಲ್ವಾ ಎಂದವರೂ ಇದ್ದಾರೆ. ಇರಲಿ. ಬಿಪಿ ನೋಡುತ್ತೇನೆ, ಡ್ರೆಸ್ಸಿಂಗ್ ನೋಡಿ ಕೀವಾಗಿದೆಯೋ ಇಲ್ಲವೋ ಹೇಳುತ್ತೇನೆ, ಹೆರಿಗೆಯಾದವರ ಮನೆಗೆ ರಾತ್ರಿಯಾದರೂ ಹೋಗುತ್ತೇನೆ. ಮೈಯೆಲ್ಲ ಬಿಸಿ, ಸ್ರಾವಕ್ಕೆ ವಾಸನೆ ಎಂದರೆ ಕಷಾಯ ಕುಡಿಸಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ ಎಂದು ಆಟೋ ಹತ್ತಿಸುತ್ತೇನೆ.

ಗುಟ್ಟಿನ ವಿಷಯವೂ ಹೀಗೇ. ಉತ್ತರಹಳ್ಳಿ ಎಷ್ಟು ಬೆಳೆದಿದ್ದರೂ ಹಳೆಯ ಬೀದಿಗಳಲ್ಲಿ ಇನ್ನೂ ಊರಿನ ಸ್ವಭಾವ ಉಳಿದಿದೆ. ತರಕಾರಿ ಗಾಡಿಯ ಹತ್ತಿರ ನಿಂತಾಗ, "ಮೂಲೆ ಮನೆಯವರ ಮಗಳನ್ನ ನಿಮ್ಮ ಆಸ್ಪತ್ರೆಗೇ ಸೇರಿಸಿದ್ರಂತಲ್ಲ, ಏನಂತೆ?" ಎಂದು ಕೇಳುತ್ತಾರೆ. ಕೇಳುವವರಲ್ಲಿ ಕೆಟ್ಟ ಬುದ್ಧಿ ಇರುವುದಿಲ್ಲ. ಆದರೂ ನನ್ನ ಬಾಯಿಂದ ಹೌದೂ ಬರಬಾರದು, ಇಲ್ಲವೂ ಬರಬಾರದು. ಒಂದು ಹುಡುಗಿಯ ಮದುವೆ, ಒಬ್ಬ ಹುಡುಗನ ಕೆಲಸ, ಒಂದು ಸಂಸಾರದ ಮಾನ ನಮ್ಮ ನಾಲಿಗೆಯ ಮೇಲೆ ನಿಂತಿರುತ್ತದೆ.

ಈ ವೃತ್ತಿಯ ಎತ್ತರ ಯಾವುದು ಎಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನಾನು ಹೇಳುವುದು ಅರುಣಾ ಶಾನಭಾಗ್ ಅವರ ವಿಷಯ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಹೆಣ್ಣುಮಗಳು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಅಲ್ಲೇ ಅವರ ಮೇಲೆ ಎರಗಿ ಅತ್ಯಾಚಾರ ಮಾಡಿದ. ಕುತ್ತಿಗೆ ಬಿಗಿದದ್ದರಿಂದ ಮೆದುಳಿಗೆ ಆಮ್ಲಜನಕ ಹೋಗದೆ, ಅವರು ಮತ್ತೆ ಮೊದಲಿನಂತೆ ಆಗಲೇ ಇಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಆ ಆಸ್ಪತ್ರೆಯಲ್ಲೇ ಇದ್ದರು. ಅವರನ್ನು ನೋಡಿಕೊಂಡವರು ಅಲ್ಲಿಯ ನರ್ಸ್‌ಗಳು.

ಇದನ್ನು ಕೇಳಿ ಎಲ್ಲರ ಕಣ್ಣು ತುಂಬುತ್ತದೆ. ನಾನು ವಿದ್ಯಾರ್ಥಿಗಳಿಗೆ ಇನ್ನೂ ಒಂದು ಹೆಜ್ಜೆ ಹತ್ತಿರ ಹೋಗಿ ನೋಡಲು ಹೇಳುತ್ತೇನೆ. ಅಷ್ಟು ವರ್ಷ ಮಲಗಿದ್ದ ಅವರಿಗೆ ಬೆಡ್‌ಸೋರ್ ಆಗಲಿಲ್ಲ. ಆಸ್ಪತ್ರೆ ಸುಪ್ರೀಂ ಕೋರ್ಟಿಗೇ ಇದನ್ನು ತಿಳಿಸಿತ್ತು. ಬೆಡ್‌ಸೋರ್ ಎಂದರೇನು? ಒಂದೇ ಮಗ್ಗುಲಲ್ಲಿ ಮಲಗಿದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ಅಲ್ಲಿ ಕೆಂಪಾಗುತ್ತದೆ, ಬಿಟ್ಟರೆ ಹುಣ್ಣಾಗುತ್ತದೆ, ಮೂಳೆ ಕಾಣುವಷ್ಟು ಕೊಳೆಯುತ್ತದೆ. ತಡೆಯಬೇಕಾದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಒದ್ದೆಯಾದ ಬಟ್ಟೆಯನ್ನು ಆಗಲೇ ತೆಗೆಯಬೇಕು, ಹಿಮ್ಮಡಿ, ಸೊಂಟ, ಬೆನ್ನಿನ ಮೂಳೆಯ ಜಾಗಗಳನ್ನು ಪ್ರತಿ ಸಲ ನೋಡಬೇಕು, ಹೊಟ್ಟೆಗೆ ಸರಿಯಾಗಿ ಹೋಗಬೇಕು. ಎರಡು ಗಂಟೆಗೊಮ್ಮೆ ಎಂದರೆ ದಿನಕ್ಕೆ 12 ಸಲ, ವರ್ಷಕ್ಕೆ 4,380 ಸಲ. ದೀಪಾವಳಿಯ ರಾತ್ರಿಯೂ, ಮುಂಬಯಿ ಮಳೆಗೆ ರೈಲು ನಿಂತ ದಿನವೂ.

ಅವರನ್ನು ನೋಡಿಕೊಂಡವರಲ್ಲಿ ಬಹಳಷ್ಟು ಜನ ಘಟನೆ ನಡೆದ ಮೇಲೆ ಕೆಲಸಕ್ಕೆ ಸೇರಿದವರು. ನಡೆದಾಡುತ್ತಿದ್ದ, ನಗುತ್ತಿದ್ದ ಅರುಣಾ ಅವರನ್ನು ಇವರು ನೋಡಿಯೇ ಇರಲಿಲ್ಲ. ಗೆಳತಿ ಎಂಬ ಪ್ರೀತಿಯಿಂದ ಮೊದಲ ತಲೆಮಾರು ನೋಡಿಕೊಂಡಿತು ಎನ್ನೋಣ. ಎರಡನೆಯ, ಮೂರನೆಯ ತಲೆಮಾರನ್ನು ಆ ಹಾಸಿಗೆಯ ಪಕ್ಕ ನಿಲ್ಲಿಸಿದ್ದು ಪಾಳಿಯಿಂದ ಪಾಳಿಗೆ ಹೇಳಿ ಒಪ್ಪಿಸುವ ನಮ್ಮ ಪದ್ಧತಿ. ನಿವೃತ್ತಳಾಗುವವಳು ಹೊಸಬಳಿಗೆ ತೋರಿಸಿಕೊಡುತ್ತಾಳೆ, ಅವಳು ಮುಂದಿನವಳಿಗೆ. ಪ್ರೀತಿಯೂ ಹೀಗೆ ಕೈಯಿಂದ ಕೈಗೆ ದಾಟಿತು ಎಂದು ನಾನು ನಂಬಿದ್ದೇನೆ. ಆದರೆ ದಾರಿ ಮಾಡಿಕೊಟ್ಟದ್ದು ಕಸುಬು.

ಅವರಿಗೆ ಕೊಡುತ್ತಿರುವ ಆಹಾರ ನಿಲ್ಲಿಸಿ ಸಾವಿಗೆ ಬಿಡಬೇಕು ಎಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಆ ಕೋರಿಕೆಯ ಹಿಂದೆಯೂ ಕರುಣೆ ಇತ್ತು, ಅದರ ಬಗ್ಗೆ ಹಗುರವಾಗಿ ಮಾತಾಡಬಾರದು. 2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಾಲಯ ದಯಾಮರಣದ ಬಗ್ಗೆ ಇಡೀ ದೇಶಕ್ಕೆ ದಾರಿ ಹಾಕಿಕೊಟ್ಟಿತು. ಅರುಣಾ ಅವರ ವಿಷಯದಲ್ಲಿ ಮಾತ್ರ, ಅವರ ಪರವಾಗಿ ಮಾತಾಡುವ ಹಕ್ಕು ಇಷ್ಟು ವರ್ಷ ನೋಡಿಕೊಂಡ ಕೆಇಎಂ ಸಿಬ್ಬಂದಿಗೇ ಸೇರಿದ್ದು ಎಂದಿತು. ಅವರು ಬದುಕಲಿ, ನಾವು ನೋಡಿಕೊಳ್ಳುತ್ತೇವೆ ಎಂಬ ಸಿಬ್ಬಂದಿಯ ಮಾತು ನಿಂತಿತು. ನರ್ಸ್‌ಗಳ ಆರೈಕೆಯನ್ನು ನ್ಯಾಯಮೂರ್ತಿಗಳು ಬಾಯಿ ತುಂಬ ಮೆಚ್ಚಿಕೊಂಡರು. ಒಂದು ವಿಷಯ ಮರೆಯಬಾರದು: 1973ರಲ್ಲಿ ಅದೇ ಮುಂಬಯಿ ನರ್ಸ್‌ಗಳು, ನಮಗೆ ಕೆಲಸದ ಜಾಗದಲ್ಲಿ ರಕ್ಷಣೆ ಕೊಡಿ ಎಂದು ಮುಷ್ಕರ ಮಾಡಿದ್ದರು. ಆರೈಕೆ ಮಾಡಿದ ಕೈಗಳೇ ಹಕ್ಕನ್ನೂ ಕೇಳಿದವು. ನರ್ಸ್ ಆದವಳು ಹಕ್ಕು ಕೇಳಬಾರದು ಎನ್ನುವವರಿಗೆ ನಾನು ಇದನ್ನೇ ನೆನಪಿಸುತ್ತೇನೆ. ನಮ್ಮ ರಾಜ್ಯದಲ್ಲಿ ಆಸ್ಪತ್ರೆ ಸಿಬ್ಬಂದಿಯ ಮೇಲೆ ಕೈ ಮಾಡಿದವರನ್ನು ಶಿಕ್ಷಿಸುವ ಕಾಯ್ದೆ 2009ರಲ್ಲಿ ಬಂತು.

ಇನ್ನು ಎಣಿಕೆಯ ಮಾತು. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂರು ಹಾಸಿಗೆಗೆ ಒಬ್ಬರಂತೆ, ಅಂದರೆ ಒಂದು ಪಾಳಿಗೆ ಒಂಬತ್ತು ಹಾಸಿಗೆಗೆ ಒಬ್ಬರಂತೆ ನರ್ಸ್ ಇರಬೇಕು ಎಂದು ಶುಶ್ರೂಷಾ ಪರಿಷತ್ತಿನ ಮಾನದಂಡ ಹೇಳುತ್ತದೆ. ನಾನು ಹೊಸದಾಗಿ ಸೇರಿದ್ದ ವಾರ್ಡಿನಲ್ಲಿ ರಾತ್ರಿ ಮೂವತ್ತು ಹಾಸಿಗೆಗೆ ಒಬ್ಬಳೇ ಇರುತ್ತಿದ್ದೆ. ಹನ್ನೆರಡು ಗಂಟೆಯ ರಾತ್ರಿ ಎಂದರೆ 720 ನಿಮಿಷ. ಹಂಚಿದರೆ ಒಬ್ಬರಿಗೆ 24 ನಿಮಿಷ. ಅಷ್ಟರಲ್ಲಿ ಬಿಪಿ, ಜ್ವರ, ಮೂರು ಸಲದ ಔಷಧಿ, ಮಗ್ಗುಲು ಬದಲಿಸುವುದು, ಬರೆದಿಡುವುದು, ಹೊಸದಾಗಿ ಸೇರಿದವರ ಅಡ್ಮಿಷನ್, ಸಾಯುವವರ ಪಕ್ಕ ಕೂರುವುದು. ಇಷ್ಟರಲ್ಲಿ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸು ಎಂದರೆ ಯಾರು ಎಣಿಸುತ್ತಾರೆ? ಯುರೋಪಿನ ಒಂಬತ್ತು ದೇಶಗಳ ನಾಲ್ಕು ಲಕ್ಷಕ್ಕೂ ಹೆಚ್ಚು ಆಪರೇಷನ್ ರೋಗಿಗಳ ದಾಖಲೆ ನೋಡಿ ಲಿಂಡಾ ಏಕನ್ ಮತ್ತು ಸಂಗಡಿಗರು 2014ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು: ಒಬ್ಬ ನರ್ಸ್ ನೋಡುವ ರೋಗಿಗಳ ಸಂಖ್ಯೆ ಒಂದು ಹೆಚ್ಚಿದರೆ, ರೋಗಿ ಮೂವತ್ತು ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತದೆ. ಪದವಿ ಓದಿದ ನರ್ಸ್‌ಗಳ ಪಾಲು ಶೇ 10 ಹೆಚ್ಚಿದರೆ ಅದು ಶೇ 7ರಷ್ಟು ಇಳಿಯುತ್ತದೆ.

ಸಂಬಳದ ಬಗ್ಗೆಯೂ ಹೇಳಿಬಿಡುತ್ತೇನೆ. ಸುಪ್ರೀಂ ಕೋರ್ಟಿನ ಸೂಚನೆಯಂತೆ ಕೇಂದ್ರ ಸರ್ಕಾರ ರಚಿಸಿದ ಸಮಿತಿ 2016ರಲ್ಲಿ ಹೇಳಿದ್ದು ಇದು: 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು, 50 ಹಾಸಿಗೆಗಿಂತ ಸಣ್ಣ ಆಸ್ಪತ್ರೆಯಾದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು. ನಾನು ಕಲಿಸಿದ ಮಕ್ಕಳಲ್ಲಿ ಅದಕ್ಕಿಂತ ಕಡಿಮೆಗೆ ದುಡಿದವರು ಇದ್ದಾರೆ. ಪಿಜಿ ಬಾಡಿಗೆ ಕಟ್ಟಿ, ಓದಿನ ಸಾಲದ ಕಂತು ಕಟ್ಟಿ, ಊರಿಗೆ ಏನೂ ಕಳಿಸಲಾಗದೆ ಒಂದೆರಡು ವರ್ಷದಲ್ಲಿ ಗಲ್ಫಿಗೋ ಇಂಗ್ಲೆಂಡಿಗೋ ಹೊರಡುತ್ತಾರೆ. ಆಗ ವಾರ್ಡಿನಲ್ಲಿ ಉಳಿಯುವುದು ಮತ್ತೆ ಹೊಸಬರೇ. ಐದಾರು ವರ್ಷ ನೋಡಿ ನೋಡಿ ಪಳಗಿದ ಕಣ್ಣು ಹೊರಟುಹೋದರೆ ಅದಕ್ಕೆ ಬದಲಿ ಇಲ್ಲ.

ಓದುಗರು ಇದರಲ್ಲಿ ಮಾಡಬಹುದಾದದ್ದು ಇದೆ. ನಿಮ್ಮವರು ಆಸ್ಪತ್ರೆಯಲ್ಲಿದ್ದಾಗ ಔಷಧಿ ಕೊಡಲು ಬಂದ ನರ್ಸ್ ಹೆಸರು ಕೇಳಿ, ಕೈಪಟ್ಟಿ ನೋಡಿದರೆ ರೇಗಬೇಡಿ. ಯಾವ ರೋಗಿ, ಯಾವ ಔಷಧಿ, ಎಷ್ಟು, ಯಾವ ದಾರಿಯಲ್ಲಿ, ಯಾವ ಹೊತ್ತಿಗೆ ಎಂಬ ಐದನ್ನು ಅವಳು ತಾಳೆ ಹಾಕುತ್ತಿದ್ದಾಳೆ. ಪಾಳಿ ಬದಲಾಗುವ ಹೊತ್ತಿಗೆ ಹಾಸಿಗೆಯ ಬಳಿ ಇರಿ, ಬೆಳಗಿನಿಂದ ನಿಮಗೆ ಕಂಡ ವ್ಯತ್ಯಾಸವನ್ನು ಬರುವವಳಿಗೂ ಹೇಳಿ. ಬೇರೆ ಹಾಸಿಗೆಯಲ್ಲಿ ಜೀವಕ್ಕೆ ಬಂದಿರುವಾಗ ನಿಮ್ಮ ಡ್ರಿಪ್ ಬಾಟಲಿ ಬದಲಿಸುವುದು ಹತ್ತು ನಿಮಿಷ ತಡವಾದರೆ ಕೂಗಾಡಬೇಡಿ. ಅಡ್ಮಿಷನ್ ಕೌಂಟರಿನಲ್ಲಿ ರೂಮಿಗೆ ಎಸಿ ಇದೆಯಾ, ಜೊತೆಗೆ ಇರುವವರಿಗೆ ಮಂಚ ಇದೆಯಾ ಎಂದು ವಿಚಾರಿಸುವಾಗ, ಈ ವಾರ್ಡಿನಲ್ಲಿ ರಾತ್ರಿ ನೋಂದಣಿಯಾದ ನರ್ಸ್ ಎಷ್ಟು ಜನ ಇರುತ್ತಾರೆ, ಒಬ್ಬರಿಗೆ ಎಷ್ಟು ರೋಗಿಗಳು ಎಂದೂ ಕೇಳಿ. ಉತ್ತರ ಸಿಗುವವರೆಗೆ ಕೇಳಿ. ನರ್ಸ್‌ಗಳು ಕೇಳಿದರೆ ಸಂಘದ ಬೇಡಿಕೆ ಎನಿಸಿಕೊಳ್ಳುವ ಈ ಪ್ರಶ್ನೆಯನ್ನು ದುಡ್ಡು ಕಟ್ಟುವವರು ಕೇಳಿದರೆ ಆಡಳಿತ ಮಂಡಳಿ ಕಿವಿಗೊಡುತ್ತದೆ.